ಕಬಿನಿಗೆ ಯಾವ ಬಣ್ಣ?

ಥೀಸಿಸ್‌ನ ಕೊನೆಯ ಹಂತಕ್ಕೆ ಬಂದ ವಿದ್ಯಾರ್ಥಿಗಳು ನನಗೆ ಫೋನ್ ಮಾಡುವುದು ರಾತ್ರಿ ಹತ್ತರ ಮೇಲೆ. ಕಳೆದ ತಿಂಗಳು ಹಾಗೆ ಮಾಡಿದವಳು ನಮ್ಮ ಅಣೆಕಟ್ಟುಗಳ ನೀರಿನ ಲೆಕ್ಕದ ಮೇಲೆ ಕೆಲಸ ಮಾಡುತ್ತಿರುವ ಹುಡುಗಿ. ಪ್ರಬಂಧದಲ್ಲಿ 43 ಗ್ರಾಫ್‌ಗಳಿವೆ. ಗೈಡ್ ಮೊದಲ ಪುಟದ ಮೇಲೆ ಕೆಂಪು ಶಾಯಿಯಲ್ಲಿ ಒಂದೇ ಸಾಲು ಬರೆದು ವಾಪಸ್ ಕೊಟ್ಟಿದ್ದಾರೆ: ‘ಎಲ್ಲ ಗ್ರಾಫ್‌ಗಳೂ ಒಂದೇ ಥರ ಇರಲಿ.’ ಮೂರು ರಾತ್ರಿ ಕೂತು ಒಂದೊಂದರ ಮೇಲೂ ಮೌಸ್ ಒತ್ತಿ ಅಕ್ಷರದ ಗಾತ್ರ, ಗೆರೆಯ ದಪ್ಪ, ಹಿಂದಿನ ಚೌಕಳಿ ಎಲ್ಲ ಸರಿಮಾಡುತ್ತ ಬಂದಿದ್ದಾಳೆ. 29ನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದಕ್ಕೆ ಏನು ಮಾಡಿದ್ದೆ ಎನ್ನುವುದೇ ಮರೆತುಹೋಗಿದೆ. “ಸಾರ್, ಒಂದೇ ಸಲಕ್ಕೆ ಎಲ್ಲದಕ್ಕೂ ಹಚ್ಚೋ ದಾರಿ ಇಲ್ವಾ?”

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ಪ್ರಶ್ನೆಯೂ ಇದೇ. ಬ್ಯಾಂಕಿನವರು ಕೇಳುತ್ತಾರೆ, ಆರೋಗ್ಯ ಇಲಾಖೆಯ ಅಂಕಿ-ಅಂಶ ನೋಡಿಕೊಳ್ಳುವವರು ಕೇಳುತ್ತಾರೆ, ಹೈಸ್ಕೂಲ್ ಮೇಷ್ಟ್ರುಗಳೂ ಕೇಳುತ್ತಾರೆ. ದಾರಿ ಇದೆ. ಎರಡು ನಿಮಿಷದ ಕೆಲಸ. ಅದನ್ನು ಮೊದಲು ಹೇಳಿ ಮುಗಿಸುತ್ತೇನೆ; ನಿಜವಾದ ತಾಪತ್ರಯ ಶುರುವಾಗುವುದು ಅದಾದ ಮೇಲೆ.

ಎಕ್ಸೆಲ್‌ನಲ್ಲಿ ಒಂದು ಗ್ರಾಫನ್ನು ನಿಮ್ಮ ಮನಸ್ಸಿಗೆ ಒಪ್ಪುವ ಹಾಗೆ ಸಿಂಗರಿಸಿ. ಅದರ ಮೇಲೆ ಬಲಗುಂಡಿ ಒತ್ತಿದರೆ ‘ಸೇವ್ ಆಸ್ ಟೆಂಪ್ಲೇಟ್’ ಎಂದು ಕಾಣುತ್ತದೆ. ಹಾಗೆ ಉಳಿಸಿದ್ದು ಮುಂದೆ ಗ್ರಾಫ್ ಬಗೆ ಆರಿಸುವ ಕಡೆ ‘ಟೆಂಪ್ಲೇಟ್ಸ್’ ಹೆಸರಿನಡಿ ಸಿಗುತ್ತದೆ. ಈಗಾಗಲೇ ಬರೆದಿಟ್ಟ ಗ್ರಾಫ್‌ಗಳಿದ್ದರೆ ಇನ್ನೂ ಸುಲಭ: ಚೆಂದ ಮಾಡಿದ್ದನ್ನು ಕಾಪಿ ಮಾಡಿ, ಇನ್ನೊಂದನ್ನು ಆರಿಸಿ, ‘ಪೇಸ್ಟ್ ಸ್ಪೆಷಲ್’ಗೆ ಹೋಗಿ ‘ಫಾರ್ಮ್ಯಾಟ್ಸ್’ ಮಾತ್ರ ಅಂಟಿಸಿ. ಒಳಗಿನ ಅಂಕಿಗಳು ಹಾಗೇ ಇರುತ್ತವೆ, ವೇಷ ಮಾತ್ರ ಬದಲಾಗುತ್ತದೆ. ಬೇರೆ ತಂತ್ರಾಂಶಗಳಲ್ಲೂ ಇದೇ ಸೌಕರ್ಯ ಬೇರೆ ಹೆಸರಿನಲ್ಲಿದೆ. ಸ್ಟಾಟಾದಲ್ಲಿ ‘ಸ್ಕೀಮ್’, ಎಸ್‌ಪಿಎಸ್‌ಎಸ್‌ನಲ್ಲಿ ಚಾರ್ಟ್ ಟೆಂಪ್ಲೇಟ್, ಒರಿಜಿನ್‌ನಲ್ಲಿ ಥೀಮ್. ಜೀವಶಾಸ್ತ್ರದವರು ಹೆಚ್ಚು ಬಳಸುವ ಗ್ರಾಫ್‌ಪ್ಯಾಡ್ ಪ್ರಿಸಮ್‌ನಲ್ಲಂತೂ ಆ ಗುಂಡಿಗೆ ‘ಮ್ಯಾಜಿಕ್’ ಎಂದೇ ಹೆಸರಿಟ್ಟಿದ್ದಾರೆ. ಆರ್ ಭಾಷೆಯಲ್ಲಿ ಜಿಜಿಪ್ಲಾಟ್2 ಬಳಸುವವರು ಕಡತದ ತಲೆಯಲ್ಲಿ ಒಂದು ಸಾಲಿನಲ್ಲಿ ಥೀಮ್ ಗೊತ್ತುಮಾಡಿದರೆ ಕೆಳಗೆ ಬರುವ ಗ್ರಾಫ್‌ಗಳೆಲ್ಲ ಅದನ್ನೇ ತೊಟ್ಟುಕೊಂಡು ಬರುತ್ತವೆ. ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಇಪ್ಪತ್ತು ಸಾಲಿನ ಒಂದು ಸ್ಟೈಲ್ ಶೀಟ್ ಬರೆದಿಟ್ಟರೆ ಇಡೀ ಲ್ಯಾಬಿನವರು ಅದೇ ಕಡತವನ್ನು ಹಂಚಿಕೊಳ್ಳಬಹುದು.

ಇಷ್ಟು ಶ್ರಮವೂ ಬೇಡ, ತಂತ್ರಾಂಶ ತಾನಾಗಿ ಕೊಡುವ ಬಣ್ಣಗಳನ್ನೇ ಇಟ್ಟುಕೊಂಡರೆ ಎಲ್ಲವೂ ಒಂದೇ ಥರ ಇರುತ್ತದಲ್ಲ ಎಂದು ಕೇಳುವವರಿದ್ದಾರೆ. ತಂತ್ರಾಂಶ ತನ್ನ ರುಚಿ ಬದಲಿಸುವವರೆಗೆ ಇರುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್ 2017ರ ಜನವರಿಯಲ್ಲಿ ಎರಡನೆಯ ಆವೃತ್ತಿಗೆ ಹೋದಾಗ ತನ್ನ ಮಾಮೂಲಿ ಬಣ್ಣಗಳನ್ನೆಲ್ಲ ಬದಲಿಸಿತು. ಎಕ್ಸೆಲ್ 2007ರಲ್ಲಿ ಒಮ್ಮೆ, 2013ರಲ್ಲಿ ಇನ್ನೊಮ್ಮೆ ಬದಲಿಸಿತು. ಸ್ಟಾಟಾ 2023ರ ತನ್ನ 18ನೇ ಆವೃತ್ತಿಯಲ್ಲಿ ಬದಲಿಸಿತು. ಐದು ವರ್ಷ ಎಳೆದ ಪಿಎಚ್‌.ಡಿ.ಯಲ್ಲಿ ಎರಡನೇ ಅಧ್ಯಾಯದ ಗ್ರಾಫೂ ಆರನೇ ಅಧ್ಯಾಯದ ಗ್ರಾಫೂ ಬೇರೆ ಮನೆಯ ಮಕ್ಕಳಂತೆ ಕಾಣುವುದಕ್ಕೆ ಎಷ್ಟೋ ಸಲ ಕಾರಣ ಇಷ್ಟೇ, ನಡುವೆ ಯಾರೋ ಕಂಪ್ಯೂಟರ್ ಅಪ್‌ಡೇಟ್ ಮಾಡಿರುತ್ತಾರೆ.

ಸರಿ, ಟೆಂಪ್ಲೇಟ್ ಮಾಡಿಕೊಂಡಿರಿ. ನಮ್ಮ ಹುಡುಗಿಯೂ ಮಾಡಿಕೊಂಡಳು. ಕೆ.ಆರ್‌.ಎಸ್. ನೀರಿನ ಮಟ್ಟದ ಗ್ರಾಫನ್ನು ತಿದ್ದಿ ತೀಡಿ, ಲಂಬ ಅಕ್ಷವನ್ನು 60 ಅಡಿಯಿಂದ 130 ಅಡಿಗೆ ಕಟ್ಟಿಹಾಕಿ, ಅದರ ರೂಪವನ್ನು ಉಳಿದವಕ್ಕೆಲ್ಲ ಅಂಟಿಸಿದಳು. ಮತ್ತೆ ಫೋನ್. “ಸಾರ್, ಆಲಮಟ್ಟಿ ಖಾಲಿಯಾಗಿಬಿಟ್ಟಿದೆ!” ನೋಡಿದರೆ ಗ್ರಾಫಿನಲ್ಲಿ ಚೌಕಟ್ಟು ಇದೆ, ತಲೆಬರಹ ಇದೆ, ಗೆರೆಯೇ ಇಲ್ಲ. ರೂಪದ ಜೊತೆಗೆ ಅಕ್ಷದ ಮಿತಿಯೂ ಅಂಟಿಕೊಂಡು ಬಂದಿತ್ತು. ಆಲಮಟ್ಟಿಯ ಮಟ್ಟವನ್ನು ಅಳೆಯುವುದು ಸಮುದ್ರಮಟ್ಟದಿಂದ, ಅದೂ ಮೀಟರಿನಲ್ಲಿ. ಪೂರ್ತಿ ತುಂಬಿದಾಗ 519.60. ಅರವತ್ತರಿಂದ ನೂರಮೂವತ್ತರ ಕಿಟಕಿಯಲ್ಲಿ ಅದು ಹೇಗೆ ಕಂಡೀತು? ನಾನು ನಗಲಿಲ್ಲ. ವರ್ಷಗಳ ಹಿಂದೆ ಇದೇ ಥರ ಒಂದು ವರದಿಯ ಗ್ರಾಫ್‌ಗಳಿಗೆಲ್ಲ ಒಂದೇ ಅಕ್ಷ ಅಂಟಿಸಿ, ನೋಡದೆ ಕಳಿಸಿ, ಸಭೆಯಲ್ಲಿ ಪರದೆಯ ಮೇಲೆ ಬಿಳಿ ಚೌಕಗಳನ್ನು ಕಂಡು ಬೆವೆತವನು ನಾನು.

ಕನ್ನಡ ಪತ್ರಿಕೆಗಳಲ್ಲಿ ಮಳೆಗಾಲದಲ್ಲಿ ಬರುವ ಜಲಾಶಯಗಳ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದಿ. ಕೆ.ಆರ್‌.ಎಸ್. ಗರಿಷ್ಠ ಮಟ್ಟ 124.80 ಅಡಿ, ಭದ್ರಾ 186 ಅಡಿ, ಕಬಿನಿ 2,284 ಅಡಿ, ಹೇಮಾವತಿ 2,922 ಅಡಿ. ಕಬಿನಿ ಅಣೆಕಟ್ಟು ಕೆ.ಆರ್‌.ಎಸ್.ಗಿಂತ ಹದಿನೆಂಟು ಪಟ್ಟು ಎತ್ತರವೇನಲ್ಲ. ಒಂದನ್ನು ಅಣೆಕಟ್ಟಿನ ಬುಡದಿಂದ ಅಳೆಯುತ್ತಾರೆ, ಇನ್ನೊಂದನ್ನು ಸಮುದ್ರಮಟ್ಟದಿಂದ. ಪಟ್ಟಿಯಲ್ಲಿ ಓದುವಾಗ ಇದು ಯಾರಿಗೂ ತೊಡಕಲ್ಲ, ಮಂಡ್ಯದ ರೈತರಿಗೆ 124.80 ಎಂಬುದು ಮನೆದೇವರ ಹೆಸರಿನಷ್ಟು ಪರಿಚಿತ. ಗ್ರಾಫ್ ಮಾಡಿದಾಗಲೇ ಗೊಂದಲ. ಕಬಿನಿಯ ಅಕ್ಷವನ್ನು ಸೊನ್ನೆಯಿಂದ ಶುರುಮಾಡಿದರೆ ವರ್ಷವಿಡೀ ಏರಿಳಿದ ನೀರೂ ಇಸ್ತ್ರಿ ಮಾಡಿದಂತೆ ಸಪಾಟು ಗೆರೆ. ಅಕ್ಷವನ್ನು ಎಕ್ಸೆಲ್‌ನ ಇಷ್ಟಕ್ಕೆ ಬಿಟ್ಟರೆ, ಅಂಕಿಗಳೆಲ್ಲ ಮೇಲೆಲ್ಲೋ ಒತ್ತೊತ್ತಾಗಿ ಇರುವುದನ್ನು ಕಂಡು ಅದು ಸೊನ್ನೆಯನ್ನು ಕೈಬಿಟ್ಟು ಸಾವಿರಗಳಲ್ಲೆಲ್ಲೋ ಅಕ್ಷ ಶುರುಮಾಡುತ್ತದೆ. ಎರಡು ಅಡಿ ಇಳಿದರೂ ಪ್ರಪಾತದಂತೆ ಕಾಣುತ್ತದೆ. ಪಕ್ಕಪಕ್ಕದಲ್ಲಿಟ್ಟ ಎರಡು ಗ್ರಾಫ್‌ಗಳಿಗೆ ಒಂದೇ ಅಕ್ಷರ, ಒಂದೇ ಗೆರೆ, ಒಂದೇ ಚೌಕಟ್ಟು ಇದ್ದಾಗಂತೂ ಮೋಸ ಇನ್ನೂ ಜಾಸ್ತಿ. ವೇಷ ಒಂದೇ ಆದ್ದರಿಂದ ಅಳತೆಯೂ ಒಂದೇ ಎಂದು ಕಣ್ಣು ನಂಬಿಬಿಡುತ್ತದೆ.

ಎಸ್‌.ಎಸ್‌.ಎಲ್‌.ಸಿ.ಯಲ್ಲಿ ಗ್ರಾಫ್ ಹಾಳೆಯ ಬಲಮೂಲೆಯಲ್ಲಿ ‘ಸ್ಕೇಲ್: ಎಕ್ಸ್ ಅಕ್ಷ 1 ಸೆಂ.ಮೀ. = 1 ಮಾನ’ ಎಂದು ಬರೆಯದೇ ಹೋದರೆ ನಮ್ಮ ಗಣಿತದ ಮೇಷ್ಟ್ರು ಅರ್ಧ ಅಂಕ ಕಡಿಯುತ್ತಿದ್ದರು. ಗೆರೆ ಸರಿಯಾಗಿಯೇ ಇದೆಯಲ್ಲ ಸಾರ್ ಎಂದರೆ, ಸ್ಕೇಲ್ ಇಲ್ಲದ ಗೆರೆ ಬರೀ ಗೀಚು ಕಣೋ ಎನ್ನುತ್ತಿದ್ದರು. ಅರ್ಧ ಅಂಕದ ಸಿಟ್ಟು ಇನ್ನೂ ಇದೆ. ಮಾತು ಮಾತ್ರ ಸರಿ.

ಆಕೆಗೆ ನಾನು ಹೇಳಿದ್ದು ಮಟ್ಟವನ್ನೇ ಬಿಟ್ಟುಬಿಡು, ಸಂಗ್ರಹಕ್ಕೆ ಹೋಗು ಎಂದು. ಕೆ.ಆರ್‌.ಎಸ್. ಪೂರ್ಣ ಸಾಮರ್ಥ್ಯ 49.45 ಟಿಎಂಸಿ ಅಡಿ, ಕಬಿನಿಯದು 19.52, ಹೇಮಾವತಿ 37.10, ಹಾರಂಗಿ 8.50. ಇವತ್ತಿನ ನೀರು ಪೂರ್ಣ ಸಾಮರ್ಥ್ಯದ ಶೇಕಡಾ ಎಷ್ಟು ಎಂದು ಲೆಕ್ಕ ಹಾಕಿದರೆ ಎಲ್ಲಕ್ಕೂ ಸೊನ್ನೆಯಿಂದ ನೂರರ ಒಂದೇ ಅಕ್ಷ ಒಪ್ಪುತ್ತದೆ, ಈಗ ಟೆಂಪ್ಲೇಟಿನ ಅಕ್ಷವನ್ನು ಕಟ್ಟಿಹಾಕಿದರೂ ಅಪಾಯವಿಲ್ಲ. ಇನ್ನೊಂದು ಲಾಭವೂ ಇದೆ. ಜಲಾಶಯವೆಂದರೆ ನೆಟ್ಟಗೆ ನಿಲ್ಲಿಸಿದ ಡ್ರಮ್ಮಲ್ಲ, ಬೋಗುಣಿ. ತಳದ ಒಂದು ಅಡಿಗಿಂತ ಬಾಯಿಯ ಹತ್ತಿರದ ಒಂದು ಅಡಿಯಲ್ಲಿ ಎಷ್ಟೋ ಪಟ್ಟು ಹೆಚ್ಚು ನೀರು ನಿಲ್ಲುತ್ತದೆ. ಮಟ್ಟದ ಗ್ರಾಫ್ ಇದನ್ನು ಮುಚ್ಚಿಡುತ್ತದೆ, ಸಂಗ್ರಹದ್ದು ತೋರಿಸುತ್ತದೆ. ಹಾಗೆಂದು ಶೇಕಡಾ ಪದ್ಧತಿಯೂ ಪೂರ್ತಿ ಪ್ರಾಮಾಣಿಕವಲ್ಲ. ಹಾರಂಗಿ ನೂರಕ್ಕೆ ನೂರು ತುಂಬಿ ಗೆರೆ ಸೂರು ಮುಟ್ಟಿದರೂ ಅದರಲ್ಲಿರುವ ನೀರು ಕೆ.ಆರ್‌.ಎಸ್. ಐದನೇ ಒಂದು ಭಾಗ ತುಂಬಿದಾಗಿನದಕ್ಕಿಂತ ಕಡಿಮೆ. ಅದಕ್ಕೆ ಪ್ರತಿ ಗ್ರಾಫಿನ ತಲೆಬರಹದಲ್ಲಿ ಅಣೆಕಟ್ಟಿನ ಹೆಸರಿನ ಪಕ್ಕ ಅದರ ಸಾಮರ್ಥ್ಯವನ್ನೂ ಬರೆಯಲು ಹೇಳಿದೆ.

ಇನ್ನು ಬಣ್ಣ. ಟೆಂಪ್ಲೇಟ್ ಬಳಸಿಯೂ ಜನ ಎಡವುವುದು ಇಲ್ಲೇ. ಎಕ್ಸೆಲ್‌ಗೆ ನಿಮ್ಮ ಕಾಲಂನ ಹೆಸರು ಬೇಕಿಲ್ಲ, ಅದು ನೋಡುವುದು ಸಾಲಿನಲ್ಲಿ ಎಷ್ಟನೆಯವರು ಎಂದು. 2013ರಲ್ಲಿ ಬಂದ ಬಣ್ಣಗಳಾದರೆ ಮೊದಲು ನಿಂತವರಿಗೆ ನೀಲಿ, ಎರಡನೆಯವರಿಗೆ ಕಿತ್ತಳೆ, ಮೂರನೆಯವರಿಗೆ ಬೂದು. ಮದುವೆಮನೆಯ ಪಂಕ್ತಿಯಲ್ಲಿ ಎಲೆ ಹಾಕುತ್ತ ಹೋಗುವವನು ಕೂತವರ ಮುಖ ನೋಡುತ್ತಾನೆಯೇ? ಮೂರನೇ ಅಧ್ಯಾಯದ ಗ್ರಾಫಿನಲ್ಲಿ ಕೆ.ಆರ್‌.ಎಸ್., ಕಬಿನಿ, ಹೇಮಾವತಿ ಈ ಕ್ರಮದಲ್ಲಿದ್ದವು, ಕಬಿನಿ ಕಿತ್ತಳೆ. ನಾಲ್ಕನೆಯ ಅಧ್ಯಾಯದಲ್ಲಿ ಕೆ.ಆರ್‌.ಎಸ್. ಬೇಕಿರಲಿಲ್ಲ, ತೆಗೆದಳು, ಎಲ್ಲರೂ ಒಂದೊಂದು ಜಾಗ ಮುಂದೆ ಸರಿದರು, ಕಬಿನಿ ನೀಲಿಯಾಯಿತು. ಗ್ರಾಫ್‌ಗಳೆರಡೂ ಅಕ್ಕತಂಗಿಯರಷ್ಟು ಒಂದೇ ಥರ. ಹಿಂದಿನ ಪುಟದಿಂದ ಓದಿಕೊಂಡು ಬಂದವರು ಮಾತ್ರ ನೀಲಿ ಗೆರೆ ಇಳಿದಿದ್ದನ್ನು ಕಂಡು ಕೆ.ಆರ್‌.ಎಸ್.ಗೆ ಏನಾಯಿತು ಎಂದು ಗಾಬರಿಯಾಗುತ್ತಾರೆ. ಮೂಲೆಯಲ್ಲಿ ಬಣ್ಣದ ಸೂಚಿ ಇದೆ, ನಿಜ. ಆದರೆ ಸೂಚಿಯನ್ನು ಪ್ರತಿ ಪುಟದಲ್ಲೂ ಹೊಸದಾಗಿ ಓದಬೇಕೆಂದರೆ ಬಣ್ಣ ಇದ್ದು ಏನುಪಯೋಗ?

ಬ್ರಿಟನ್ನಿನ ಬಿಬಿಸಿ ಸುದ್ದಿಸಂಸ್ಥೆಯ ದತ್ತಾಂಶ ಪತ್ರಕರ್ತರು ತಮ್ಮ ಗ್ರಾಫ್‌ಗಳೆಲ್ಲ ಒಂದೇ ರೂಪದಲ್ಲಿ ಬರಲೆಂದು ಆರ್ ಭಾಷೆಯಲ್ಲಿ ‘ಬಿಬಿಪ್ಲಾಟ್’ ಎಂಬ ಪುಟ್ಟ ಸಲಕರಣೆ ಮಾಡಿಕೊಂಡು 2019ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಅಕ್ಷರ, ತಲೆಬರಹ, ಅಕ್ಷ, ಹಿನ್ನೆಲೆ ಎಲ್ಲವನ್ನೂ ಅದು ಒಂದೇ ಏಟಿಗೆ ಸರಿಪಡಿಸುತ್ತದೆ. ಗೆರೆ ಮತ್ತು ಕಂಬಗಳ ಬಣ್ಣವನ್ನು ಮಾತ್ರ ಮುಟ್ಟುವುದಿಲ್ಲ, ಅದನ್ನು ನೀವೇ ಬರೆದು ಹೇಳಬೇಕು. ಮೊದಲ ಸಲ ಬಳಸಿದಾಗ ಇದೇನು ಅರೆಬರೆ ಕೆಲಸ ಎನಿಸಿತ್ತು. ಈಗ ಅದೇ ಜಾಣತನ ಎನಿಸುತ್ತದೆ. ಯಾವ ಬಣ್ಣ ಯಾರದು ಎಂದು ಸಲಕರಣೆಗೆ ಹೇಗೆ ಗೊತ್ತಾಗಬೇಕು?

ಆರ್ ಮತ್ತು ಪೈಥಾನ್‌ನಲ್ಲಿ ಬಣ್ಣವನ್ನು ಹೆಸರಿಗೇ ಅಂಟಿಸಬಹುದು. ಕಬಿನಿಗೆ ಕಿತ್ತಳೆ, ಹೇಮಾವತಿಗೆ ಹಸಿರು ಎಂದು ಒಂದು ಪಟ್ಟಿ ಬರೆದು ಕೊಟ್ಟರೆ, ಯಾರು ಬರಲಿ ಯಾರು ಹೋಗಲಿ ಕಬಿನಿ ಕಿತ್ತಳೆಯೇ. ಎಕ್ಸೆಲ್‌ನಲ್ಲಿ ಇಷ್ಟು ನೇರ ದಾರಿಯಿಲ್ಲ, ಹಳ್ಳಿಯ ಉಪಾಯವೊಂದಿದೆ. ಎಲ್ಲ ಹಾಳೆಗಳಲ್ಲೂ ಕಾಲಂಗಳ ಕ್ರಮ ಒಂದೇ ಇಟ್ಟುಕೊಳ್ಳಿ, ಬೇಡವಾದ ಅಣೆಕಟ್ಟಿನ ಕಾಲಂ ಅಳಿಸಬೇಡಿ, ಖಾಲಿ ಬಿಡಿ. ಊಟಕ್ಕೆ ಬಾರದವರ ಎಲೆಯನ್ನೂ ಹಾಕಿಟ್ಟ ಹಾಗೆ. ಗೆರೆ ಬರುವುದಿಲ್ಲ, ಜಾಗ ಉಳಿಯುತ್ತದೆ. ಸೂಚಿಯಲ್ಲಿ ಆ ಹೆಸರು ಉಳಿದಿದ್ದರೆ ಅದನ್ನಷ್ಟೇ ಅಳಿಸಿ. ಇನ್ನೂ ಒಳ್ಳೆಯದೆಂದರೆ ಸೂಚಿಯನ್ನೇ ಕಿತ್ತುಹಾಕಿ ಪ್ರತಿ ಗೆರೆಯ ಬಾಲದಲ್ಲಿ ಹೆಸರು ಬರೆಯುವುದು. ಈ ಪತ್ರಿಕೆಯ ಒಳಪುಟಗಳಂತೆ ಕಪ್ಪುಬಿಳುಪಿನಲ್ಲಿ ಅಚ್ಚಾದಾಗ ನೀಲಿಯೂ ಕಿತ್ತಳೆಯೂ ಒಂದೇ ಬೂದಿ. ಆಗ ಕೈಹಿಡಿಯುವುದು ಗೆರೆಯ ಪಕ್ಕದ ಹೆಸರು ಮಾತ್ರ.

ಬಣ್ಣಕ್ಕೆ ಒಂದೇ ಅರ್ಥ ಇಟ್ಟುಕೊಳ್ಳುವುದು ದೊಡ್ಡ ಸಂಸ್ಥೆಗಳಿಗೂ ಸುಲಭವಲ್ಲ. ಭಾರತೀಯ ಹವಾಮಾನ ಇಲಾಖೆಯ ಮುನ್ನೆಚ್ಚರಿಕೆಯ ಬಣ್ಣಗಳು ಈಗ ಶಾಲೆಯ ಮಕ್ಕಳಿಗೂ ಗೊತ್ತು, ರೆಡ್ ಅಲರ್ಟ್ ಎಂದರೆ ಕರಾವಳಿಯಲ್ಲಿ ರಜೆ ಸಿಗಬಹುದೆಂಬ ಆಸೆ. ಹಸಿರು, ಹಳದಿ, ಕಿತ್ತಳೆ, ಕೆಂಪು. ಕೆಂಪೇ ಕೊನೆಯ ಮೆಟ್ಟಿಲು. ಅದೇ ಇಲಾಖೆಯ ಮಳೆ ಕೊರತೆಯ ನಕ್ಷೆ ನೋಡಿ. ವಾಡಿಕೆಗಿಂತ ಶೇಕಡಾ 20ರಿಂದ 59ರಷ್ಟು ಕಡಿಮೆ ಬಿದ್ದ ಜಿಲ್ಲೆಗೆ ಕೆಂಪು, ಶೇಕಡಾ 60ರಿಂದ 99ರಷ್ಟು ಕಡಿಮೆ ಬಿದ್ದಲ್ಲಿಗೆ ಹಳದಿ. ಎಂದರೆ ಒಂದು ನಕ್ಷೆಯಲ್ಲಿ ಹಳದಿಯಿಂದ ಕೆಂಪಿಗೆ ಹೋದರೆ ಅಪಾಯ ಏರುತ್ತದೆ, ಇನ್ನೊಂದರಲ್ಲಿ ಕೆಂಪಿನಿಂದ ಹಳದಿಗೆ ಹೋದರೆ ಏರುತ್ತದೆ. ಎರಡಕ್ಕೂ ಪಕ್ಕದಲ್ಲಿ ವಿವರಣೆ ಇದೆ, ವರ್ಷಗಟ್ಟಲೆ ನೋಡುತ್ತ ಬಂದವರಿಗೆ ಅಭ್ಯಾಸವೂ ಆಗಿದೆ. ಆದರೂ ಬರಗಾಲದ ವರ್ಷದಲ್ಲಿ ಆ ನಕ್ಷೆ ಟಿವಿಯಲ್ಲಿ ಬಂದಾಗ, ಹಳದಿ ಜಿಲ್ಲೆಯವರು ಪಕ್ಕದ ಕೆಂಪು ಜಿಲ್ಲೆಯವರನ್ನು ಕಂಡು ಅಯ್ಯೋ ಎನ್ನುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಕನ್ನಡದಲ್ಲಿ ಗ್ರಾಫ್ ಮಾಡುವವರಿಗೆ ಇದೆಲ್ಲದರ ಮೇಲೆ ಇನ್ನೊಂದು ಕಾಟ. ಸರ್ಕಾರಿ ಕಚೇರಿಗಳಿಂದ ಬರುವ ಹಳೆಯ ಎಕ್ಸೆಲ್ ಹಾಳೆಗಳಲ್ಲಿ ಯೂನಿಕೋಡ್ ಅಲ್ಲದ ನುಡಿ ಅಕ್ಷರಗಳಿರುತ್ತವೆ. ಅವು ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಟೆಂಪ್ಲೇಟ್ ಅಂಟಿಸಿದ ಕ್ಷಣ ಫಾಂಟ್ ಬದಲಾಗಿ ‘ಚಾಮರಾಜನಗರ’ ಇದ್ದಲ್ಲಿ ಬೆಕ್ಕು ಕೀಬೋರ್ಡಿನ ಮೇಲೆ ನಡೆದಂತೆ ಏನೋ ಒಂದು ಮೂಡುತ್ತದೆ. ಮೊದಲು ಯೂನಿಕೋಡಿಗೆ ಬದಲಿಸಿಕೊಂಡು, ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಯುಐ ಅಂಥ ಫಾಂಟನ್ನು ಟೆಂಪ್ಲೇಟಿನಲ್ಲಿ ಗೊತ್ತುಮಾಡಿಟ್ಟರೆ ನೆಮ್ಮದಿ. ಮ್ಯಾಟ್‌ಪ್ಲಾಟ್‌ಲಿಬ್‌ನದು ಬೇರೆ ಕಥೆ. ಅದರ ಮಾಮೂಲಿ ಫಾಂಟಿನಲ್ಲಿ ಕನ್ನಡವೇ ಇಲ್ಲ, ಸಾಲಾಗಿ ಡಬ್ಬಿಗಳು ಬರುತ್ತವೆ. ಕನ್ನಡ ಫಾಂಟ್ ಕೊಟ್ಟರೂ ಒತ್ತಕ್ಷರ ಕೂಡಿಸುವ ವಿದ್ಯೆ ಅದಕ್ಕೆ ಬಹುಕಾಲ ಇರಲಿಲ್ಲ. ‘ಕೃಷ್ಣರಾಜ ಸಾಗರ’ದ ವಟ್ರಸುಳಿ ಒಂದು ಕಡೆ, ಣಕಾರ ಇನ್ನೊಂದು ಕಡೆ ಕೂರುತ್ತಿದ್ದವು. ಅಕ್ಷರಗಳನ್ನು ಅಕ್ಷರಗಳಾಗಿಯೇ ಉಳಿಸಿ ಎಸ್‌ವಿಜಿ ಕಡತವಾಗಿ ಹೊರತೆಗೆದು ಬ್ರೌಸರಿನಲ್ಲಿ ತೆರೆದರೆ ಒತ್ತುಗಳು ಜಾಗಕ್ಕೆ ಬರುತ್ತವೆ. ಆರ್ ಬಳಸುವವರಿಗೆ ‘ರ‍್ಯಾಗ್’ ಎಂಬ ಪ್ಯಾಕೇಜ್ ಈ ತೊಂದರೆಯನ್ನು ಮೊದಲೇ ಬಿಡಿಸಿಕೊಟ್ಟಿದೆ.

ಗ್ರಾಫ್ ಸಿದ್ಧವಾದ ಮೇಲೂ ಕೆಡುವ ಜಾಗಗಳು ಎರಡಿವೆ. ಎಕ್ಸೆಲ್‌ನಿಂದ ಪವರ್‌ಪಾಯಿಂಟಿಗೆ ಅಂಟಿಸಿದಾಗ ಅದು ಹೋದ ಮನೆಯ ಥೀಮ್ ಹಾಕಿಕೊಂಡು ಬಣ್ಣ ಬದಲಿಸುತ್ತದೆ. ‘ಕೀಪ್ ಸೋರ್ಸ್ ಫಾರ್ಮ್ಯಾಟಿಂಗ್’ ಆರಿಸಿ. ಎರಡನೆಯದು ಗಾತ್ರ. ಚಿತ್ರವಾಗಿ ಅಂಟಿಸಿದ 16 ಸೆಂ.ಮೀ. ಅಗಲದ ಗ್ರಾಫನ್ನು ವರ್ಡ್‌ನಲ್ಲಿ ಮೂಲೆ ಹಿಡಿದು ಎಳೆದು 8 ಸೆಂ.ಮೀ.ಗೆ ಕುಗ್ಗಿಸಿದರೆ 12 ಪಾಯಿಂಟಿನ ಅಕ್ಷರ 6 ಆಗುತ್ತದೆ, ಪಕ್ಕದ ಗ್ರಾಫಿನದು 12 ಆಗಿಯೇ ಉಳಿಯುತ್ತದೆ. ಟೆಂಪ್ಲೇಟ್ ತನ್ನ ಕೆಲಸ ಮಾಡಿರುತ್ತದೆ, ಕೆಡಿಸಿದ್ದು ನಮ್ಮ ಮೌಸ್. ಅಚ್ಚಿನಲ್ಲಿ ಎಷ್ಟು ಅಗಲ ಬೇಕೋ ಅಷ್ಟೇ ಅಗಲಕ್ಕೆ ಗ್ರಾಫ್ ಮಾಡಿ.

ಈಗ ನನ್ನ ಮೇಜಿನ ಎದುರಿನ ಗೋಡೆಗೆ ಒಂದು ಚೀಟಿ ಅಂಟಿಸಿದ್ದೇನೆ, ಹುಡುಗಿಗೂ ಅದರ ಫೋಟೊ ಕಳಿಸಿದೆ. ಕಂಪ್ಯೂಟರ್ ಹಚ್ಚುವ ಮೊದಲು ಕಾಗದದ ಮೇಲೆ ಯಾರಿಗೆ ಯಾವ ಬಣ್ಣ ಎಂದು ಬರೆದುಕೊಂಡ ಪಟ್ಟಿ ಅದು. ಬಣ್ಣಗಳನ್ನು ನಾನು ಆರಿಸಿದ್ದಲ್ಲ. ಜಪಾನಿನ ಮಸಾಟಾಕಾ ಒಕಾಬೆ ಮತ್ತು ಕೇಯ್ ಇಟೊ ಎಂಬಿಬ್ಬರು ವಿಜ್ಞಾನಿಗಳು ಕೆಂಪು-ಹಸಿರು ಗೊಂದಲವಿರುವ ಕಣ್ಣುಗಳಿಗೂ ಬೇರೆಬೇರೆಯಾಗಿ ಕಾಣಲೆಂದು ಎಂಟು ಬಣ್ಣಗಳ ಗುಂಪೊಂದನ್ನು ಮಾಡಿದ್ದಾರೆ, ನನ್ನದು ಅದೇ. ಕೆ.ಆರ್‌.ಎಸ್.ಗೆ ನೀಲಿ, ಕಬಿನಿಗೆ ಕಿತ್ತಳೆ, ಹೇಮಾವತಿಗೆ ನೀಲಿ ಬೆರೆತ ಹಸಿರು, ಹಾರಂಗಿಗೆ ತಿಳಿನೀಲಿ, ತುಂಗಭದ್ರೆಗೆ ಸಿಂಧೂರ, ಆಲಮಟ್ಟಿಗೆ ಕೆನ್ನೇರಳೆ, ಲಿಂಗನಮಕ್ಕಿಗೆ ಕಪ್ಪು. ಕಬಿನಿಗೆ ಕಿತ್ತಳೆಯೇ ಯಾಕೆ ಎಂದು ಆಕೆ ಕೇಳಿದಳು. ಕಾರಣವೇನಿಲ್ಲ, ಒಮ್ಮೆ ಕೊಟ್ಟಾಯಿತು.

ಎಂಟನೆಯದು ಹಳದಿ, ಬಿಳಿ ಕಾಗದದ ಮೇಲೆ ಕಂಡೂ ಕಾಣದ್ದು, ಯಾರಿಗೂ ಕೊಡದೆ ಉಳಿಸಿದ್ದೆ. ಮೊನ್ನೆ ಹಿರಿಯೂರಿನ ಕಡೆಯ ಓದುಗರೊಬ್ಬರು ಪತ್ರ ಬರೆದು, ನಿಮ್ಮ ಜಲಾಶಯಗಳ ಗ್ರಾಫಿನಲ್ಲಿ ವಾಣಿವಿಲಾಸ ಸಾಗರ ಯಾಕಿಲ್ಲ ಎಂದು ಕೇಳಿದ್ದಾರೆ. 1933ರ ನಂತರ 2022ರಲ್ಲಿ ಕೋಡಿ ಬಿದ್ದ ಆ ಮಾರಿ ಕಣಿವೆ ಅಣೆಕಟ್ಟಿಗೆ ಕಾಣದ ಹಳದಿ ಕೊಡಲು ಮನಸ್ಸು ಬರುತ್ತಿಲ್ಲ. ಲಿಂಗನಮಕ್ಕಿಯಿಂದ ಕಪ್ಪು ಕಿತ್ತುಕೊಳ್ಳೋಣವೆಂದರೆ ಹುಡುಗಿಯ 43 ಗ್ರಾಫ್‌ಗಳೂ ಆಗಲೇ ಬೈಂಡಿಂಗಿಗೆ ಹೋಗಿವೆ.